ಹತ್ತು ನಿಮಿಷದ ಮೌನ

ಟಕ್, ಸರ್ರ್. ಟಕ್, ಸರ್ರ್.

ಕೆಳಗೆ ಬೀದಿಯಲ್ಲಿ ಯಾರೋ ನಡೆದುಹೋಗುತ್ತಿದ್ದರು. ಹಾಸಿಗೆಯಲ್ಲಿ ಇನ್ನೂ ಕಣ್ಣು ಬಿಡದೆ ಮಲಗಿದ್ದ ಅವಳು ಆ ಸದ್ದಿನ ಬೆನ್ನು ಹತ್ತಿದಳು. ಗಂಡಸು. ಐವತ್ತು ದಾಟಿದೆ. ಬಲಗಾಲಿನ ಹಿಮ್ಮಡಿ ಸವೆದಿದೆ, ಎಡಗಾಲನ್ನು ಎಳೆದು ಹಾಕುತ್ತಾನೆ, ಒಂದು ಕೈಯಲ್ಲಿ ಭಾರವಾದದ್ದೇನೋ ಇದೆ. ದಡಬಡನೆ ಎದ್ದು ಕಿಟಕಿಯಿಂದ ಬಗ್ಗಿ ನೋಡಿದಳು. ಗೋಡೆಗೆ ಬಣ್ಣ ಬಳಿಯುವವನು. ಬಲಗೈಯಲ್ಲಿ ಬಣ್ಣದ ದೊಡ್ಡ ಡಬ್ಬಿ, ತಲೆಗೂದಲು ಪೂರ್ತಿ ಬಿಳಿ.

ಎದೆ ಹಗುರಾಯಿತು. ಹೀಗೆ ದಿನಾ ಬೆಳಿಗ್ಗೆ ಒಂದು ಹೆಜ್ಜೆಯನ್ನು ಹಿಡಿದು ಒರೆಗೆ ಹಚ್ಚುವುದು ಕಳೆದ ಮೂರು ತಿಂಗಳ ಅಭ್ಯಾಸ. ಕಿವಿ ಇನ್ನೂ ಕೈಕೊಟ್ಟಿಲ್ಲ ಎಂದು ತನಗೆ ತಾನೇ ಸಾಕ್ಷಿ ಹೇಳಿಕೊಳ್ಳುವ ಬಗೆ. ಕಿವಿ ಪರೀಕ್ಷೆಗೆಂದು ವೈದ್ಯರು ಬರೆದುಕೊಟ್ಟ ಚೀಟಿ ಅದೇ ಮೂರು ತಿಂಗಳಿಂದ ಅವಳ ಕೈಚೀಲದ ತಳದಲ್ಲಿ, ನಾಲ್ಕು ಮಡಿಕೆಯಾಗಿ, ಬಾಚಣಿಗೆಯ ಕೆಳಗೆ ಮಲಗಿತ್ತು. ಅವಳ ಅನ್ನವೇ ಕಿವಿ. ಆ ಚೀಟಿಯನ್ನು ಬಿಚ್ಚಿದರೆ ಅನ್ನದ ತಟ್ಟೆ ಎಲ್ಲಿ ಜಾರುತ್ತದೋ ಎಂಬ ಅಳುಕು.

ಅಡುಗೆಮನೆಯಲ್ಲಿ ಅವಳು ಒಲೆಯ ಪಕ್ಕ ನಿಂತಿದ್ದಾಗ ಅತ್ತೆ ಬಂದು ಕೆಟಲಿನ ಉರಿ ಆರಿಸಿದರು.

"ಪಾಪ, ಇದು ಕೂಗಿ ಕೂಗಿ ಗಂಟಲು ಹರ್ಕೊಳ್ತಿದೆ. ನೀನು ಪಕ್ಕದಲ್ಲೇ ನಿಂತು ಕನಸು ಕಾಣ್ತಿದೀಯಲ್ಲೇ."

"ಕೇಳಿಸ್ತು ಅತ್ತೆ. ಇನ್ನೊಂಚೂರು ಕುದೀಲಿ ಅಂತ ಬಿಟ್ಟಿದ್ದೆ."

"ನೀರೂ ಹಣ್ಣಾಗುತ್ತಾ, ಜಾಸ್ತಿ ಕುದಿಸಿದ್ರೆ?" ಎಂದರು ಅತ್ತೆ.

ಅವಳ ಗಂಡ ದೂರದೂರಕ್ಕೆ ಲಾರಿ ಓಡಿಸುವವನು. ತಿಂಗಳಿಗೆ ಇಪ್ಪತ್ತು ದಿನ ರಸ್ತೆಯ ಮೇಲೆ. ಮಿಕ್ಕಂತೆ ಆ ಎರಡು ಕೋಣೆಯ ಮನೆ ಈ ಇಬ್ಬರು ಹೆಂಗಸರದೇ. ಅತ್ತೆ ನಲವತ್ತು ವರ್ಷ ದೊಡ್ಡದೊಂದು ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿದವರು. ಕೆಲಸ ಬಿಟ್ಟರೂ ಇಸ್ತ್ರಿ ಬಿಡಲಿಲ್ಲ. ಮಧ್ಯಾಹ್ನ ನಾಲ್ಕಕ್ಕೆ ಸರಿಯಾಗಿ ನಡುಮನೆಯಲ್ಲಿ ಮೇಜು ಬಿಚ್ಚುತ್ತಾರೆ. ಮನೆಯ ಬಟ್ಟೆ ಮುಗಿದರೆ ಪಕ್ಕದ ಮನೆಯ ಪರದೆ, ಅದೂ ಮುಗಿದರೆ ಕರವಸ್ತ್ರ, ಕೈಒರೆಸುವ ಬಟ್ಟೆ. ಸುಕ್ಕು ಕಂಡರೆ ಅವರಿಗೆ ನಿದ್ದೆ ಬರುವುದಿಲ್ಲ.

ಅವಳ ಕೆಲಸದ ಕಥೆ ಸ್ವಲ್ಪ ಬೇರೆ. ಅವಳಪ್ಪ ಚಪ್ಪಲಿ, ಬೂಟು ಹೊಲಿಯುತ್ತಿದ್ದವರು. ಅಂಗಡಿಯ ಹಲಗೆಯ ಹಿಂದೆ ಕೂತ ಮಗುವಿಗೆ ಗಿರಾಕಿಗಳ ಮುಖ ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ಪಾದ ಮಾತ್ರ. ಆಮೇಲಾಮೇಲೆ ಪಾದ ನೋಡುವ ಅಗತ್ಯವೂ ಬೀಳಲಿಲ್ಲ. ಗಿರಾಕಿ ಅಂಗಡಿಗೆ ಇನ್ನೂ ಹತ್ತು ಮಾರು ದೂರ ಇರುವಾಗಲೇ, "ಅಪ್ಪಾ, ಆ ದುಡ್ಡು ಕೊಡದೆ ಸಾಲ ಹೇಳೋ ಮಾವ ಬಂದ್ರು" ಎಂದುಬಿಡುತ್ತಿದ್ದಳು. ಅಪ್ಪ ಚಹಾ ಕುಡಿಯುವ ನೆಪದಲ್ಲಿ ಹಿಂಬಾಗಿಲಿಂದ ಹೊರಡುತ್ತಿದ್ದರು. ಹನ್ನೆರಡನೆಯ ವಯಸ್ಸಿಗೆ ಅವಳೂ ಸುತ್ತಿಗೆ ಹಿಡಿದಳು. ಕಬ್ಬಿಣದ ಪಾದಕ್ಕೆ ಬೂಟು ಬೋರಲು ಹಾಕಿ ಮೊಳೆ ಹೊಡೆಯುವುದು, ಇಪ್ಪತ್ತಾರು ವರ್ಷ, ಕಿವಿಯಿಂದ ಒಂದು ಮೊಳ ದೂರದಲ್ಲಿ.

ಅಪ್ಪ ತೀರಿಕೊಂಡ ವರ್ಷ ಒಬ್ಬ ತೆಳ್ಳನೆಯ ಮನುಷ್ಯ ಅಂಗಡಿಗೆ ಬಂದು ಹಳೆಯ ಬೂಟಿನ ಜೊತೆಯೊಂದನ್ನು ಮುಂದಿಟ್ಟ.

"ಇದು ಕಿರುಗುಟ್ಟಬೇಕು."

"ಕಿರುಗುಟ್ಟೋದನ್ನ ನಿಲ್ಲಿಸ್ಬೇಕಾ?"

"ಅಲ್ಲ ಅಕ್ಕಾ. ಕಿರುಗುಟ್ಟೋ ಹಾಗೆ ಮಾಡ್ಬೇಕು."

ಬೇರೆ ಯಾರಾದರೂ ಆಗಿದ್ದರೆ ತಲೆ ಕೆಟ್ಟಿದೆ ಎನ್ನುತ್ತಿದ್ದರು. ಅವಳು ತಲೆ ಎತ್ತದೆ, "ಹಾಕ್ಕೊಳ್ಳೋರ ವಯಸ್ಸೆಷ್ಟು? ಸಿಟ್ಟಲ್ಲಿ ನಡೀತಾರೋ, ನಿದ್ದೆಗಣ್ಣಲ್ಲಿ ನಡೀತಾರೋ?" ಎಂದು ಕೇಳಿದಳು. ಅವನು ಬಾಯಿ ಬಿಟ್ಟುಕೊಂಡು ನಿಂತ. ವೀಡಿಯೊ ಆಟಗಳಿಗೆ ಸದ್ದು ಕೂಡಿಸುವ ಎಂಜಿನಿಯರ್ ಅವನು. ಮಾರನೆಯ ವಾರವೇ ಅವಳನ್ನು ತನ್ನ ಸ್ಟುಡಿಯೋಗೆ ಕರೆದೊಯ್ದ. ಅದಾಗಿ ಹನ್ನೊಂದು ವರ್ಷ.

ಸ್ಟುಡಿಯೋದ ಒಂದು ಕೋಣೆ ಈಗ ಅವಳದು. ನೆಲದ ಮೇಲೆ ಸಾಲಾಗಿ ತಗಡಿನ ತಟ್ಟೆಗಳು: ಜಲ್ಲಿ, ಮರಳು, ಒಣ ಎಲೆ, ಒದ್ದೆ ಮಣ್ಣು, ಸಡಿಲ ಹಲಗೆ, ಒಡೆದ ಹೆಂಚು. ಗೋಡೆಗೆ ನಲವತ್ತು ಜೊತೆ ಪಾದರಕ್ಷೆ. ಪರದೆಯ ಮೇಲೆ ಸಿಪಾಯಿ ನಡೆದರೆ ಇಲ್ಲಿ ಅವಳು ಸಿಪಾಯಿ, ಕಳ್ಳ ನಡೆದರೆ ಕಳ್ಳ, ರಾಜಕುಮಾರಿ ಓಡಿದರೆ ಮಂಡಿನೋವಿನ ರಾಜಕುಮಾರಿ. ನಿಂತಲ್ಲೇ ನಡೆಯುತ್ತ ಅವಳು ಸುತ್ತಿದ ಊರುಗಳಿಗೆ ಲೆಕ್ಕವಿಲ್ಲ. ಸ್ಟುಡಿಯೋದವರು ಅವಳನ್ನು ಹೆಜ್ಜೆಯಕ್ಕ ಎಂದೇ ಕರೆಯುತ್ತಾರೆ.

ಈ ಸಲದ ಆಟ ಅವಳಿಗೆ ಬಹಳ ಹಿಡಿಸಿತ್ತು. ಅದರಲ್ಲಿ ಗುಂಡಿಲ್ಲ, ಕತ್ತಿಯಿಲ್ಲ. ಒಬ್ಬ ಅಂಚೆಯವಳು ಕೊನೆಯ ಒಂದು ಕಾಗದವನ್ನು ಹಿಡಿದು ಮಂಜು ಮುಸುಕಿದ ಪಟ್ಟಣವನ್ನೆಲ್ಲ ನಡೆಯುತ್ತಾಳೆ. ಕಾಗದದ ವಿಳಾಸ, ಎಷ್ಟೋ ವರ್ಷದಿಂದ ಮುಚ್ಚಿದ ಒಂದು ವಸತಿಗೃಹ. ಹದಿಮೂರು ಕೋಣೆ, ಒಂದು ಮರದ ಮೆಟ್ಟಿಲು. ಯಾರಾದರೂ ಸಹಿ ಹಾಕಿ ಕಾಗದ ಪಡೆಯಬೇಕು, ಯಾರೂ ಇಲ್ಲ. ಆಡುವವರು ಅಲ್ಲಿ ನಿಲ್ಲಬೇಕು, ಕೋಣೆ ಕೋಣೆ ಅಲೆಯಬೇಕು, ಕಾಯಬೇಕು. ಆಟದ ಜೀವ ಇರುವುದೇ ಆ ಕಾಯುವಿಕೆಯಲ್ಲಿ.

ಆದರೆ ಯಾರೂ ನಿಲ್ಲುತ್ತಿರಲಿಲ್ಲ. ಆಡಿ ನೋಡಿದವರೆಲ್ಲ ಮೂರು ನಿಮಿಷಕ್ಕೆ ಹೊರಗೆ. ಸಂಗೀತ ಮಾಡುವ ಮೇಷ್ಟ್ರು ಪಿಟೀಲು ಹಾಕಿದರು. ದೆವ್ವ ಬರುತ್ತದೆಂದುಕೊಂಡು ಎಲ್ಲರೂ ಓಡಿದರು. ಪಿಯಾನೋ ಹಾಕಿದರು, ಯಾರೋ ಸತ್ತಿದ್ದಾರೆಂದುಕೊಂಡು ಬೇಸರಪಟ್ಟು ಓಡಿದರು.

"ಮೇಷ್ಟ್ರೇ, ಖಾಲಿ ಮನೇಲಿ ಪಿಟೀಲು ಯಾರು ಬಾರಿಸ್ತಾರೆ?" ಎಂದು ಅವಳು ಕೇಳಿದ್ದು ಸೋಮವಾರದ ಸಭೆಯಲ್ಲಿ.

"ಮನಸ್ಸಲ್ಲಿ ಬಾರಿಸೋದು ಅಕ್ಕ ಅದು. ಸಂಗೀತ ಇರೋದೇ ಅದಕ್ಕೆ."

"ಬೀದೀಲಿ ನಿಮ್ಮ ಸಂಗೀತ ಎಷ್ಟು ಚೆನ್ನಾಗಿದೆ. ಅದನ್ನ ಕೇಳ್ಬೇಕು ಅಂತಲೇ ಜನ ನಿಧಾನ ನಡೀತಾರೆ. ಮನೆ ಒಳಗೆ ಬಂದ್ಮೇಲೆ ಮಾತ್ರ ಅವರ ಮನಸ್ಸಿಗೆ ಸ್ವಲ್ಪ ಜಾಗ ಬಿಡಿ. ನೀವೇ ಮೊದ್ಲು ಅತ್ತುಬಿಟ್ರೆ ಅವರು ಯಾವಾಗ ಅಳೋದು?"

ಮೇಷ್ಟ್ರು ಒಳ್ಳೆಯ ಮನುಷ್ಯ. ಗಡ್ಡ ಕೆರೆದುಕೊಂಡು ನಕ್ಕು, "ಸರಿ, ನನ್ನ ಪಿಟೀಲಿಗೆ ಒಂದು ವಾರ ರಜ" ಎಂದರು.

ಸ್ಟುಡಿಯೋ ನಡೆಸುವ ಮೇಡಂ ಮಾತ್ರ ನಗಲಿಲ್ಲ. "ಶುಕ್ರವಾರ ಆರು ಜನ ಹೊಸಬರು ಬರ್ತಾರೆ. ಅವರೂ ಮೂರು ನಿಮಿಷಕ್ಕೆ ಎದ್ರೆ ವಸತಿಗೃಹನ ಆಟದಿಂದ ತೆಗೀತೀನಿ. ಮುಂದಿನ ಆಟಕ್ಕೆ ಹೆಜ್ಜೆ, ಗಾಳಿ, ಬಾಗಿಲು ಎಲ್ಲ ಸಿದ್ಧ ಸದ್ದೇ ತರಿಸ್ತೀನಿ. ಬೇಜಾರು ಮಾಡ್ಕೋಬೇಡಿ ಹೆಜ್ಜೆಯಕ್ಕ, ನನ್ನ ಮೇಲೂ ಕೇಳೋರಿದಾರೆ."

ಅವರ ದನಿಯಲ್ಲಿ ಕಹಿ ಇರಲಿಲ್ಲ. ಅದರಿಂದಲೇ ಆ ಮಾತು ಹೆಚ್ಚು ನಾಟಿತು.

ಈ ಕಸುಬಿನವರಿಗೆ ಒಂದು ಪದ್ಧತಿಯಿದೆ. ಯಾವುದೇ ಸದ್ದನ್ನು ಹಿಡಿಯುವ ಮೊದಲು ಆ ಜಾಗದ ಮೌನವನ್ನು ಹಿಡಿಯುತ್ತಾರೆ. ಎಲ್ಲರೂ ಕಂಬದಂತೆ ನಿಲ್ಲಬೇಕು, ಧ್ವನಿ ಮುದ್ರಿಸುವ ಯಂತ್ರ ಓಡುತ್ತಿರಬೇಕು. ಹಾಗೆ ಹಿಡಿದ ಮೌನವನ್ನು ಸದ್ದುಗಳ ಅಡಿಗೆ ಹಾಸುತ್ತಾರೆ, ಮಗುವಿನ ಅಡಿಗೆ ಬಟ್ಟೆ ಹಾಸಿದಂತೆ. ಅದಿಲ್ಲದಿದ್ದರೆ ಹೆಜ್ಜೆಗಳು ಎಲ್ಲಿಯೂ ಅಲ್ಲದ ಕಡೆ ಬೀಳುತ್ತವೆ. ಆಡುವವನ ಕಣ್ಣು ಮನೆಯೊಳಗಿದ್ದರೂ ಮೈ ಕುರ್ಚಿಯಲ್ಲೇ ಉಳಿಯುತ್ತದೆ. ಸ್ಟುಡಿಯೋದ ಮೌನ ಹತ್ತಿ ತುರುಕಿದ ಮೌನ. ಅದರಲ್ಲಿ ಯಾರೂ ಬದುಕಿಲ್ಲ, ಯಾರೂ ಬಿಟ್ಟುಹೋಗಿಲ್ಲ. ವಸತಿಗೃಹಕ್ಕೆ ಬೇಕಾದುದು ಜನ ಇದ್ದ ಜಾಗದ ಮೌನ. ಹಾಗಾಗಿ ಬುಧವಾರ ಅವಳು ಯಂತ್ರವನ್ನು ಸೆರಗಿನಡಿ ಕೂಸಿನಂತೆ ಅವುಚಿಕೊಂಡು ಮನೆಗೆ ತಂದಳು.

ನಾಲ್ಕು ಗಂಟೆ. ನಡುಮನೆಯಲ್ಲಿ ಅತ್ತೆ ಆಗಲೇ ಇಸ್ತ್ರಿಯ ಮೇಜು ಬಿಚ್ಚಿದ್ದರು. ಅವಳ ಕೈಯಲ್ಲಿ ಯಂತ್ರ ಕಂಡು ಹುಬ್ಬೇರಿಸಿದರು.

"ಏನು ಹಿಡಿಯೋಕೆ ಬಂದೆ ಇವತ್ತು?"

"ಏನೂ ಇಲ್ಲದ್ದನ್ನ ಅತ್ತೆ. ಸುಮ್ಮನಿರೋ ಮನೇನ."

"ಅದಕ್ಕೂ ಸಂಬಳ ಕೊಡ್ತಾರಾ? ನಾನು ಇಷ್ಟು ದಿನ ಪುಕ್ಕಟೆ ಸುಮ್ಮನಿದ್ದೆ ಹಾಗಾದ್ರೆ."

ಅವಳ ಮುಖ ಕಂದಿತು. ಆ ಮಾತಿನ ಹಿಂದೆ ಎರಡು ವರ್ಷದ ಹಳೆಯ ಮುಳ್ಳೊಂದಿತ್ತು. ಅತ್ತೆಗೆ ಸಿಳ್ಳೆ ಹಾಕುವ ಚಾಳಿ. ಮುಂದಿನ ಎರಡು ಹಲ್ಲುಗಳ ಸಂದಿಯಿಂದ ಹೊರಡುವ, ಗಾಳಿಗಿಂತ ಒಂದೆಳೆ ದಪ್ಪವಾದ ಸಿಳ್ಳೆ. ಲಾಂಡ್ರಿಯ ಹಬೆಯೊಳಗೆ ನಲವತ್ತು ವರ್ಷ ಅದೇ ಅವರ ಜೊತೆಗಾರ. ಯಾವ ಹಾಡೂ ಅಲ್ಲ; ಒಂದು ರಾಗ ಮೆಲ್ಲಗೆ ಮೇಲೇರುತ್ತದೆ, ಅರ್ಧ ದಾರಿಯಲ್ಲಿ ಏನೋ ಮರೆತದ್ದು ನೆನಪಾದಂತೆ ಹಿಂತಿರುಗುತ್ತದೆ. ಎರಡು ವರ್ಷದ ಹಿಂದೆ ಮನೆಯಲ್ಲಿ ಬಟ್ಟೆಯ ಸರಬರ ಹಿಡಿಯುತ್ತಿದ್ದಾಗ ಆ ಸಿಳ್ಳೆ ನಡುವೆ ಬಂದು ಅರ್ಧ ದಿನದ ಕೆಲಸ ಹಾಳಾಗಿತ್ತು. "ಅತ್ತೆ, ಒಂದು ಗಳಿಗೆ ಬಾಯಿ ಮುಚ್ಚಿಕೊಂಡಿರೋಕೆ ಆಗಲ್ವಾ ನಿಮಗೆ?" ಎಂದು ರೇಗಿಬಿಟ್ಟಿದ್ದಳು. ಅವತ್ತಿನಿಂದ ಅವಳಿಗೆ ಆ ಸಿಳ್ಳೆ ಕೇಳಿಸಿರಲಿಲ್ಲ. ಎಷ್ಟೋ ಸಲ ಕ್ಷಮೆ ಕೇಳಬೇಕೆಂದು ನಾಲಿಗೆಯ ತುದಿವರೆಗೆ ಬಂದು, ಆಡಿದರೆ ಗಾಯ ಕೆದಕಿದಂತಾದೀತೆಂದು ನುಂಗಿಕೊಂಡಿದ್ದಳು. ಒಂದು ಹಕ್ಕಿಯನ್ನು ಹೊಡೆದು ಬೀಳಿಸಿದವಳಂತೆ ಓಡಾಡುತ್ತಿದ್ದಳು.

ಮಲಗುವ ಕೋಣೆಯ ಬಾಗಿಲು ಮುಚ್ಚಿ, ಯಂತ್ರವನ್ನು ಕುರ್ಚಿಯ ಮೇಲಿಟ್ಟು, ಬರಿಗಾಲಲ್ಲಿ ಮೂಲೆಗೆ ಒರಗಿ ನಿಂತಳು. ಹತ್ತು ನಿಮಿಷ.

ಮೊದಲು ಏನೂ ಇರಲಿಲ್ಲ. ಆಮೇಲೆ ಮನೆ ಮೆಲ್ಲಗೆ ಬಾಯಿ ಬಿಟ್ಟಿತು. ಗೋಡೆಯೊಳಗಿನ ಕೊಳವೆಯಲ್ಲಿ ನೀರು ಯಾರದೋ ಮನೆಗೆ ಏರುತ್ತಿತ್ತು. ಮೇಲಿನ ಮನೆಯಲ್ಲಿ ಕುರ್ಚಿಯೊಂದು ಒಂದಡಿ ಸರಿದು ನಿಂತಿತು. ನಡುಮನೆಯ ಇಸ್ತ್ರಿಪೆಟ್ಟಿಗೆ ಬಟ್ಟೆಯ ಮೇಲೆ ಧಪ್ ಎಂದು ಕೂತು, ಜಾರಿ, ಏಳುತ್ತಿತ್ತು. ದೂರದ ದಡಕ್ಕೆ ದೋಣಿ ತಾಗಿದಂತೆ. ಬಿಸಿಲಿನ ಪಟ್ಟೆಯೊಂದು ಹಾಸಿಗೆಯಿಂದಿಳಿದು ನೆಲದ ಮೇಲೆ ತೆವಳಿತು. ಅದಕ್ಕೂ ಸದ್ದಿದೆಯೇನೋ ಎಂದು ಅವಳು ಉಸಿರು ಹಿಡಿದಳು. ನಿಂತ ಮೂಲೆ ಯಾವುದು, ಮನೆ ಯಾರದು ಎಂಬುದೇ ಮಸುಕಾಯಿತು. ಹದಿಮೂರು ಕೋಣೆಗಳಲ್ಲಿ ಒಂದರಲ್ಲಿ ತಾನೇ ಕಾಗದ ಹಿಡಿದು ನಿಂತಿದ್ದೇನೆ, ಯಾರೋ ಬಂದು ಸಹಿ ಹಾಕಬೇಕು ಅಷ್ಟೇ ಅನ್ನಿಸಿತು. ಹತ್ತು ನಿಮಿಷ ಮುಗಿದು ಯಂತ್ರದ ಕೆಂಪು ದೀಪ ಆರಿದ ಮೇಲೂ ಅವಳು ಸ್ವಲ್ಪ ಹೊತ್ತು ಹಾಗೇ ಇದ್ದಳು.

ಶುಕ್ರವಾರ ಆರು ಜನ ಬಂದರು. ಗಾಜಿನ ಆಚೆ ಅವರು, ಈಚೆ ಇವರು ನಾಲ್ವರು. ಮೊದಲನೆಯವನು ರಜದ ಮೇಲಿದ್ದ ಬಸ್ ಚಾಲಕ. ಕಿವಿಗೆ ಹೆಡ್‌ಫೋನ್ ಏರಿಸಿ, ಪಟ್ಟಣ ದಾಟಿ, ವಸತಿಗೃಹದ ಬಾಗಿಲು ತಳ್ಳಿದ. ಮೇಷ್ಟ್ರ ಸಂಗೀತ ಹೊಸ್ತಿಲಾಚೆಯೇ ನಿಂತಿತು.

ಮೂರು ನಿಮಿಷ ಕಳೆಯಿತು. ಪರದೆಯ ಮೇಲೆ ಅಂಚೆಯವಳು ಮೆಟ್ಟಿಲ ನಡುವೆ ನಿಂತಳು. ಚಾಲಕ ತಲೆಯನ್ನು ಎಡಕ್ಕೆ ವಾಲಿಸಿದ. ಒಂದು ಬಾಗಿಲು ತೆಗೆದ, ನೋಡಿದ, ಸದ್ದಾಗದಂತೆ ಮುಚ್ಚಿದ. ಸದ್ದಾಗದಂತೆ! ಬೇರೆಯವರ ಮನೆಯಲ್ಲಿ ನಡೆಯುವ ಹಾಗೆ ನಡೆಯುತ್ತಿದ್ದ. ಆರು ನಿಮಿಷ. ಒಂಬತ್ತು. ಮೇಡಂ ಕೈಗಡಿಯಾರ ನೋಡುವುದನ್ನು ಬಿಟ್ಟರು. ಹನ್ನೆರಡನೆಯ ನಿಮಿಷಕ್ಕೆ ಅವನು ಎದ್ದು ಬಂದ.

"ಪಕ್ಕದ ಕೋಣೇಲಿ ಯಾರೋ ಇದಾರೆ," ಎಂದ. "ನೋಡೋಣ ಅಂತ ಹೋದ್ರೆ ಇನ್ನೊಂದು ಕೋಣೇಲಿ. ಭಯ ಏನಾಗ್ಲಿಲ್ಲ. ಏನೋ ಕೆಲಸ ಮಾಡ್ಕೊಂಡಿದಾರೆ ಪಾಪ, ಮುಗಿಸ್ಕೊಂಡು ಬಂದು ಸಹಿ ಹಾಕ್ಲಿ ಅಂತ ಕಾದೆ."

ಆರೂ ಜನ ಹೆಚ್ಚುಕಡಿಮೆ ಅದನ್ನೇ ಹೇಳಿದರು. ಒಬ್ಬ ನರ್ಸಮ್ಮ, "ನಾನು ಚಿಕ್ಕೋಳಿದ್ದಾಗ ಮಧ್ಯಾಹ್ನ ಮಲಗಿದ್ರೆ ಹೀಗೇ ಇರ್ತಿತ್ತು" ಎಂದಷ್ಟೇ ಹೇಳಿ ಕಣ್ಣೊರೆಸಿಕೊಂಡು ಹೋದಳು.

ಅವರು ಹೋದ ಮೇಲೆ ಎಂಜಿನಿಯರ್ ಕುರ್ಚಿಯನ್ನೇ ಅವಳತ್ತ ಉರುಳಿಸಿಕೊಂಡು ಬಂದ. "ಅಕ್ಕಾ, ಆ ಸಿಳ್ಳೆ ಹೇಗೆ ಹೊಳೀತು ನಿಮಗೆ?"

"ಯಾವ ಸಿಳ್ಳೆ?"

"ನನ್ನ ಹತ್ರನೇ ನಾಟಕ ಆಡ್ತೀರಲ್ಲ. ಮೌನದ ಅಡಿಗೆ ಹಾಸಿದೀರಲ್ಲ, ಅದು. ನೀವು ಬೇಕಂತಲೇ ಇಟ್ಟಿದೀರಿ ಅಂತ ನಾನು ಮುಟ್ಟಲೇ ಇಲ್ಲ."

ಅವಳು ಹೆಡ್‌ಫೋನ್ ತೆಗೆದುಕೊಂಡು ಏರಿಸಿದಳು. ಕೊಳವೆಯ ನೀರು, ಮೇಲಿನ ಮನೆಯ ಕುರ್ಚಿ, ಇಸ್ತ್ರಿಪೆಟ್ಟಿಗೆ. ಮತ್ತೆ ಕೇಳಿದಳು. ನೀರು, ಕುರ್ಚಿ, ಇಸ್ತ್ರಿಪೆಟ್ಟಿಗೆ. ಗಾಜಿನಲ್ಲಿ ಮೇಡಂ ನಗುತ್ತಿರುವುದು ಕಂಡಿತು. ಒಮ್ಮೆ ತಲೆ ಆಡಿಸಿದರೆ ಸಾಕಿತ್ತು; ಹೆಜ್ಜೆಯಕ್ಕನ ಕಿವಿಯ ಹೆಸರು ಊರೆಲ್ಲ ಹಬ್ಬುತ್ತಿತ್ತು. ಚೀಟಿ ಚೀಲದ ತಳದಲ್ಲೇ ಇರುತ್ತಿತ್ತು.

"ಇದರ ಶ್ರುತಿ ಕೆಳಗಿಳಿಸಿ ಕೇಳ್ಸು," ಎಂದಳು. "ವೇಗ ಅರ್ಧ ಮಾಡು. ಸಣ್ಣ ದನಿ ಇದ್ರೆ ದಪ್ಪ ಆಗುತ್ತೆ."

ಅವನು ಮಾಡಿದ. ಇಸ್ತ್ರಿಯ ಧಪ್ ಎಂಬುದು ನಿದ್ದೆಯಲ್ಲಿದ್ದ ದೊಡ್ಡ ಪ್ರಾಣಿಯ ಎದೆಬಡಿತವಾಯಿತು. ಅದರ ಮೇಲೆ, ಎಲ್ಲೋ ಬಾಟಲಿಯ ಬಾಯಿಗೆ ಗಾಳಿ ತಾಗಿದಂತೆ, ಒಂದು ದನಿ. ಮೆಲ್ಲಗೆ ಮೇಲೇರಿತು. ಅರ್ಧ ದಾರಿಯಲ್ಲಿ, ಏನೋ ಮರೆತದ್ದು ನೆನಪಾದಂತೆ, ಹಿಂತಿರುಗಿತು.

ಅತ್ತೆ ನಿಲ್ಲಿಸಿಯೇ ಇರಲಿಲ್ಲ. ಎರಡು ವರ್ಷ, ಪ್ರತಿ ಮಧ್ಯಾಹ್ನ, ಗೋಡೆಯ ಆಚೆ ಆ ಹಕ್ಕಿ ಹಾಡುತ್ತಲೇ ಇತ್ತು. ತನ್ನಿಂದ ಸತ್ತಿತೆಂದು ತಾನು ಅಳುತ್ತಿದ್ದಳು.

"ಇದು ನಮ್ಮತ್ತೆ," ಎಂದಳು. ಆಮೇಲೆ, ನೆಲ ನೋಡುತ್ತ, "ನನಗೆ ಕೇಳಿಸಲ್ಲ ಇದು. ನಾನು ಇಟ್ಟಿದ್ದಲ್ಲ. ಅಲ್ಲಿ ಇದೆ ಅಂತಲೇ ನನಗೆ ಗೊತ್ತಿರ್ಲಿಲ್ಲ."

ಚೀಲದಿಂದ ಚೀಟಿ ತೆಗೆದು ಮೇಜಿನ ಮೇಲೆ ಬಿಚ್ಚಿಟ್ಟಳು. ಮಡಿಕೆಗಳಲ್ಲಿ ಅದು ಹರಿಯುವಂತಾಗಿತ್ತು. ಮೊದಲು ಬಾಯಿ ಬಿಟ್ಟವರು ಮೇಷ್ಟ್ರು.

"ನನ್ನ ಎಡಗಿವೀಲಿ ಎಂಟು ವರ್ಷದಿಂದ ಒಂದೇ ಸ್ವರ ಗುಂಯ್ ಅಂತಿದೆ. ನಾನು ಮಾಡಿದ ರಾಗ ಎಲ್ಲ ಕೊನೆಗೆ ಅಲ್ಲೇ ಬಂದು ಕೂತ್ಕೊಳ್ತವಲ್ಲ, ಅದಕ್ಕೇ. ವಿಮರ್ಶೆ ಬರೆಯೋರು ಅದನ್ನ ನನ್ನ ಶೈಲಿ ಅಂತಾರೆ."

ಮೇಡಂ ಹಣೆ ಒತ್ತಿಕೊಂಡರು. "ಅಂತೂ ಇಷ್ಟು ದಿನ ನಾನು ಕಿವುಡರ ಅಂಗಡಿ ಇಟ್ಕೊಂಡಿದ್ದೆ." ನಗು ಬಂದರೂ ನಗಲಿಲ್ಲ. "ವಸತಿಗೃಹ ಉಳಿಯುತ್ತೆ. ಸಿಳ್ಳೆನೂ. ನಿಮ್ಮ ವಿಷಯ, ಸೋಮವಾರ ಪರೀಕ್ಷೆ ಮಾಡಿಸ್ಕೊಂಡು ಬನ್ನಿ ಅಕ್ಕ. ಏನೇ ಬಂದ್ರೂ ಅದನ್ನ ನನ್ನ ಮುಂದೆ ಇಡಿ. ಆಮೇಲೆ ಮಾತಾಡೋಣ. ಈಗಲೇ ಏನೂ ಮಾತು ಕೊಡಲ್ಲ."

"ಆಯ್ತು ಮೇಡಂ," ಎಂದಳು. ಗಡಿಯಾರ ಮೂರೂಕಾಲು ತೋರಿಸುತ್ತಿತ್ತು.

ಅವಳು ಬಾಗಿಲು ತೆರೆದಾಗ ಅತ್ತೆ ನಡುಮನೆಯಲ್ಲಿ ದಿಂಬಿನ ಹೊದಿಕೆಯೊಂದರ ಸುಕ್ಕು ಬಿಡಿಸುತ್ತಿದ್ದರು. ಕಿಟಕಿಯ ಬೆಳಕು ಹಬೆಯಲ್ಲಿ ತೇಲುತ್ತಿತ್ತು. ಅವರ ತುಟಿ ಮುಂದಕ್ಕೆ ಚಾಚಿ ಚಿಕ್ಕದಾಗಿ ದುಂಡಗಾಗಿತ್ತು. ಎರಡು ವರ್ಷದಿಂದ ದಿನಾ ಕಂಡ ಮುಖವೇ. ಇಸ್ತ್ರಿಯ ಬಿಸಿಗೆ ಉಸಿರೂದುತ್ತಾರೆಂದುಕೊಂಡಿದ್ದಳು. ಚೀಲವನ್ನೂ ಕೆಳಗಿಡದೆ ಹತ್ತಿರ ಹೋಗಿ, ಕೆನ್ನೆ ಕೆನ್ನೆಗೆ ತಾಗುವಷ್ಟು ಬಗ್ಗಿದಳು. ಆಗ ಬಂತು ಆ ಸಿಳ್ಳೆ. ಸೂಜಿಯ ಕಣ್ಣಿಂದ ಎಳೆದ ನೂಲಿನಷ್ಟು.

ಅತ್ತೆ ಬೆಚ್ಚಿ ನಿಲ್ಲಿಸಿದರು. "ಏನೇ ಇದು, ಮೂಸಿ ನೋಡ್ತೀಯಾ ನನ್ನ?"

"ನೀವು ಸಿಳ್ಳೆ ಹಾಕೋದನ್ನ ಬಿಟ್ಟಿರ್ಲಿಲ್ವಾ ಅತ್ತೆ?"

"ಬಿಟ್ಟಿದ್ದೆ. ನೀನು ಬೈದ್ಯಲ್ಲ, ಅವತ್ತು. ಒಂದು ವಾರ ಬಿಟ್ಟಿದ್ದೆ. ಬಟ್ಟೆ ಎಲ್ಲ ಸೊಟ್ಟ ಸೊಟ್ಟ ಬಂದ್ವು. ಆಮೇಲೆ ಮೆಲ್ಲಗೆ ಶುರು ಮಾಡ್ದೆ. ನೀನು ಏನೂ ಅನ್ಲಿಲ್ಲ. ಪರವಾಗಿಲ್ಲ, ಸೊಸೆಗೆ ಬುದ್ಧಿ ಬಂತು ಅಂದ್ಕೊಂಡೆ."

"ನಾನು ನಿಮಗೆ ನೋವಾಗಿದೆ ಅಂದ್ಕೊಂಡಿದ್ದೆ. ಎರಡು ವರ್ಷದಿಂದ."

"ನೋವೇನೋ ಆಗಿತ್ತು, ಆ ವಾರ." ಅತ್ತೆ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ ಅವಳ ಮುಖವನ್ನು ಓದಿದರು. ಬಟ್ಟೆಯಲ್ಲಿ ಅಡಗಿದ ಸುಕ್ಕನ್ನು ಹುಡುಕುವ ಅದೇ ನೋಟ. "ಕೆಟಲ್ಲೂ ಕೇಳಿಸ್ತಿರ್ಲಿಲ್ಲ ಅಲ್ವಾ ನಿನಗೆ?"

ಅವಳು ಹೌದೆಂದು ತಲೆಯಾಡಿಸಿದಳು. "ಸೋಮವಾರ ಡಾಕ್ಟರ್ ಹತ್ರ ಕಿವಿ ತೋರಿಸ್ಬೇಕು."

"ಹೇಳ್ಬಾರ್ದಾ, ಹುಚ್ಚಿ. ಕೂಗಿ ಹೇಳ್ತಿದ್ದೆ. ಕೂಗೋದ್ರಲ್ಲಿ ನನಗೇನು ಬರ ಬಂದಿದ್ಯಾ?"

ಅವಳು ಚೀಲವನ್ನು ಕುರ್ಚಿಯ ಮೇಲಿಟ್ಟು ಚಪ್ಪಲಿ ಬಿಟ್ಟಳು. "ಅತ್ತೆ, ಅದನ್ನೇ ಹಾಕಿ. ದಿನಾ ಹಾಕೋ ಹಾಗೇ. ಜೋರು ಮಾಡ್ಬೇಡಿ."

ಅತ್ತೆ ಒಂದು ಕ್ಷಣ ನಾಚಿಕೊಂಡರು. ಆಮೇಲೆ ದಿಂಬಿನ ಹೊದಿಕೆಗೆ ಮುಖ ಬಗ್ಗಿಸಿ ತುಟಿ ದುಂಡಗೆ ಮಾಡಿದರು. ನೂಲು ಮತ್ತೆ ಹೊರಟಿತು, ಮೆಲ್ಲಗೆ ಮೇಲೇರಿತು. ಅವಳು ಆ ಕೆನ್ನೆಯ ಬಳಿಯಿಂದ, ಬೆನ್ನು ತಿರುಗಿಸಿ, ಎಷ್ಟು ಹೆಜ್ಜೆಯವರೆಗೆ ಕೇಳಿಸುತ್ತದೋ ನೋಡಲು, ಮಲಗುವ ಕೋಣೆಯ ಕಡೆಗೆ ಹೊರಟಳು. ಒಂದು. ಬರಿಗಾಲಿನ ಹಿಮ್ಮಡಿ ತಣ್ಣನೆಯ ನೆಲಕ್ಕೆ ತಾಗಿತು. ನೂಲು ಇತ್ತು.

ಸಿಳ್ಳೆ ನಿಂತಿತು. "ಸೋಮವಾರ ಆ ಡಾಕ್ಟರ್ ಹತ್ರ ನಾನೂ ಬರ್ಲೇನೇ? ಅವರು ಹೇಳೋದು ನಿನಗೆ ಕೇಳಿಸ್ದೇ ಹೋದ್ರೆ..."

ಅವಳು ತಿರುಗದೆ ಕೈ ಬೀಸಿದಳು, ಹಾಕಿ ಹಾಕಿ ಎಂಬಂತೆ.

"ಮಾತಾಡ್ತಿದ್ರೆ ಹಾಗೇ ಹೊರಟುಹೋಗ್ತೀಯಲ್ಲ," ಎಂದು ಗೊಣಗಿದ ಅತ್ತೆ, ಗೊಣಗಾಟದ ನಡುವೆಯೇ ಮತ್ತೆ ಸಿಳ್ಳೆ ಹಿಡಿದರು.

ಎರಡು. ಮೂರು. ನೂಲು ಸಣ್ಣಗಾಯಿತು, ಹರಿಯಲಿಲ್ಲ. ಅವಳು ನಾಲ್ಕನೆಯ ಹೆಜ್ಜೆಗೆ ಕಾಲೆತ್ತಿದಳು.